ಜಪ್ತಿ ಅಕ್ಕನ ಹೊಟ್ಟೆಗಿಡಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಗೋದಾಮಿನ ಹಿಂಭಾಗದಲ್ಲಿ, ತಂತಿಬೇಲಿಗೆ ಒತ್ತಿಕೊಂಡಂತೆ ಒಂದು ಉದ್ದನೆಯ ಗಾಜಿನ ಶೆಡ್ಡು. ಅದರ ಬೀಗ ತೆಗೆದ ಹೆಂಗಸು ತಕ್ಷಣ ಒಳಗೆ ಹೋಗುವುದಿಲ್ಲ. ಬಾಗಿಲು ಅರ್ಧ ತೆರೆದು, ಕತ್ತು ಒಳಗೆ ಚಾಚಿ ಮೂಸುತ್ತಾರೆ. ಹುಳಿ ಹುಳಿ ವಾಸನೆ ಬಂದರೆ ಯಾವುದೋ ಗಿಡದ ಬುಡ ಕೊಳೆತಿದೆ ಎಂದರ್ಥ. ಇವತ್ತು ಒಣ ಮರಳಿನ ವಾಸನೆ ಮಾತ್ರ ಇದೆ. ಸಮಾಧಾನವಾಗಿ ರಬ್ಬರ್ ಬೂಟು ಏರಿಸಿಕೊಂಡು, ಏಪ್ರನ್ನಿನ ದಾರ ಬಿಗಿದುಕೊಂಡು ಒಳಗೆ ಕಾಲಿಡುತ್ತಾರೆ.

ಒಳಗೆ ಕಬ್ಬಿಣದ ಹಲಗೆಗಳ ಮೇಲೆ ಸಾಲು ಸಾಲಾಗಿ ಕುಂಡಗಳು. ಪ್ರತಿ ಕುಂಡದ ಕುತ್ತಿಗೆಗೂ ತಂತಿಯಲ್ಲಿ ಕಟ್ಟಿದ ಒಂದು ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಕೇಸಿನ ನಂಬರು. ಇವು ಮಾರಾಟಕ್ಕಿಟ್ಟ ಗಿಡಗಳಲ್ಲ, ನೋಡಿ ಸಂತೋಷಪಡಲು ಇಟ್ಟವೂ ಅಲ್ಲ. ಕದ್ದು ಸಾಗಿಸುವಾಗ ಸಿಕ್ಕಿಬಿದ್ದವು. ಸೂಟ್‌ಕೇಸಿನ ಒಳಪದರದಲ್ಲಿ ಸಿಕ್ಕ ಆರ್ಕಿಡ್‌ಗಳಿವೆ, ಮಕ್ಕಳ ಗೊಂಬೆಯ ಹೊಟ್ಟೆ ಸೀಳಿದಾಗ ಉದುರಿದ ಕಳ್ಳಿಗಳಿವೆ. ಕದ್ದವರಿಗೆ ಜಾಮೀನು ಬೇಗ ಸಿಗುತ್ತದೆ. ಗಿಡಗಳಿಗೆ ಮಾತ್ರ ಕೇಸು ಮುಗಿಯುವ ತನಕ ಇಲ್ಲೇ ವಾಸ.

ಈ ಶೆಡ್ಡಿಗೆ ಕಡತದಲ್ಲಿ ಉಸಿರು ಕಟ್ಟುವಷ್ಟು ಉದ್ದದ ಹೆಸರಿದೆ. ಯಾರೂ ಅದನ್ನು ಬಳಸಿದ್ದು ನಾನು ಕೇಳಿಲ್ಲ. ಎಲ್ಲರ ಬಾಯಲ್ಲೂ ಇದು ಜಪ್ತಿ ಶೆಡ್ಡು, ಇದನ್ನು ನೋಡಿಕೊಳ್ಳುವವರು ಜಪ್ತಿ ಅಕ್ಕ. "ನಂಗಿಂತ ದೊಡ್ಡವರೂ ಅಕ್ಕ ಅಂತಾರೆ. ನಿವೃತ್ತಿಗೆ ಬಂದ ದೊಡ್ಡ ಸಾಹೇಬ್ರೂ ಅಕ್ಕ ಅಂತಾರೆ. ಏನ್ ಮಾಡ್ಲಿ, ಸುಮ್ನೆ ಓ ಅಂತೀನಿ," ಎಂದು ಅಕ್ಕ ನಗುತ್ತಾರೆ. ವಯಸ್ಸು ಐವತ್ತರ ಆಸುಪಾಸು. ಕೈಬೆರಳುಗಳು ಬಿಳಿಚಿಕೊಂಡು ಸುಕ್ಕಾಗಿವೆ. ಅದು ಗಿಡಗಳಿಂದ ಬಂದದ್ದಲ್ಲ. ಈ ಕೆಲಸಕ್ಕೆ ಬರುವ ಮೊದಲು ಅವರು ಆಸ್ಪತ್ರೆಯೊಂದರ ತೊಳೆಯುವ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದಿದ್ದಾರೆ.

ಅಲ್ಲಿ ಬಂದದ್ದೆಲ್ಲವನ್ನೂ ತೊಳೆಯುವುದೇ ಅವರ ಕೆಲಸವಾಗಿತ್ತು. ಹಾಸಿಗೆ ಬಟ್ಟೆ, ತಟ್ಟೆ, ಕತ್ತರಿ, ಕಬ್ಬಿಣದ ಮಂಚ, ಗಾಲಿ ಕುರ್ಚಿ. ಆಸ್ಪತ್ರೆಯವರು ಆ ಕೋಣೆ ಮುಚ್ಚಿ ಹೊರಗಿನ ಕಂಪನಿಗೆ ಗುತ್ತಿಗೆ ಕೊಟ್ಟಾಗ ಅಕ್ಕನಿಗೆ ಕೆಲಸ ಹೋಯಿತು. ಇಲ್ಲಿ ಗೋದಾಮು ಗುಡಿಸುವುದಕ್ಕೆಂದು ದಿನಗೂಲಿಯಲ್ಲಿ ಸೇರಿದರು. ಗಾಜಿನ ಶೆಡ್ಡಿಗೆ ಒಬ್ಬ ಮಾಲಿಯ ಹುದ್ದೆ ಮಂಜೂರಾಗಿತ್ತು, ಆದರೆ ಮಾಲಿ ಬರಲೇ ಇಲ್ಲ. ಇವತ್ತಿಗೂ ಬಂದಿಲ್ಲ. "ಅಕ್ಕ, ಅವರು ಬರೋ ತನಕ ಒಂಚೂರು ನೀರು ಹಾಕಿ ಅಂದ್ರು. ಒಂಚೂರು ಅಂದ್ರೆ ಎಷ್ಟು ಅಂತ ಅವರಿಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಬಕೆಟ್‌ಗಟ್ಲೆ ಸುರಿದೆ."

ಆ ಬಕೆಟ್ಟುಗಳ ಫಲ ಶೆಡ್ಡಿನ ಎಡಗಡೆಯ ಮೇಲಿನ ಹಲಗೆಯಲ್ಲಿದೆ. ಅಲ್ಲಿ ಒಣಗಿ ಕಡ್ಡಿಯಾದ, ಕೊಳೆತು ಚಕ್ಕೆಯಾದ ಗಿಡಗಳನ್ನು ಕಾಗದದ ಚೀಲಗಳಲ್ಲಿ ಹಾಕಿಟ್ಟಿದ್ದಾರೆ. ಅವಕ್ಕೂ ತಗಡಿನ ಬಿಲ್ಲೆಗಳಿವೆ. ಸತ್ತ ಗಿಡವೂ ಸಾಕ್ಷ್ಯವೇ ಆದ್ದರಿಂದ ಬಿಸಾಡುವ ಹಾಗಿಲ್ಲ. ಆಮೇಲೆ ಸಸ್ಯೋದ್ಯಾನದಿಂದ ತಿಂಗಳಿಗೊಮ್ಮೆ ಬರುವ ಸಸ್ಯವಿಜ್ಞಾನಿಯೊಬ್ಬರು ಪಕ್ಕದಲ್ಲಿ ನಿಂತು ಕಲಿಸಿಕೊಟ್ಟರಂತೆ: ಯಾವುದಕ್ಕೆ ನೀರು, ಯಾವುದಕ್ಕೆ ಬರೀ ಹನಿ, ಯಾವುದನ್ನು ಮುಟ್ಟಲೇಬಾರದು ಎಂದು. "ಆ ಮೇಡಂ ಬೈಲಿಲ್ಲ ನೋಡಿ. ಬೈದಿದ್ರೆ ಅವತ್ತೇ ಬಿಟ್ಟು ಹೋಗ್ತಿದ್ದೆ."

ಶೆಡ್ಡಿನ ಕೊನೆಯಲ್ಲಿ ಗಾಜಿನ ಅಡ್ಡಗೋಡೆ ಹಾಕಿ ಬೇರ್ಪಡಿಸಿದ ಒಂದು ಕೋಣೆಯಿದೆ. ಬೇರೆ ಗಿಡಗಳ ರೋಗ ತಾಕಬಾರದೆಂದು ಇಲ್ಲಿಯದನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ತರುವಂತಿಲ್ಲ. ನೀರಿನ ಡಬ್ಬವೂ ಬೇರೆ, ಬೂಟೂ ಬೇರೆ. ಒಳಗಿರುವ ಗಿಡಗಳು ನೋಡಲು ಚೆಂದವೇನಲ್ಲ. ಬುಡ ಉಬ್ಬಿ ಮುಷ್ಟಿಯಷ್ಟಾಗಿದೆ, ಬೂದು ಬಣ್ಣದ ಒರಟು ಸಿಪ್ಪೆ, ತಲೆಯ ಮೇಲೆ ನಾಲ್ಕಾರು ಎಲೆ. ಬಂಡೆಗಳ ಸಂದಿಯಲ್ಲಿ ಬೆಳೆಯುವ ಇವು ಮುಷ್ಟಿಯಷ್ಟಾಗಲು ಒಬ್ಬ ಮನುಷ್ಯನ ಯೌವನವೆಲ್ಲ ಬೇಕಂತೆ. ಅಷ್ಟು ಕಾಯುವ ತಾಳ್ಮೆ ಯಾರಿಗಿದೆ? ಗುಡ್ಡದಿಂದ ಕಿತ್ತು ತಂದರೆ ಶ್ರೀಮಂತರ ಕಿಟಕಿಯಲ್ಲಿ ನಾಳೆಯೇ ಕೂರುತ್ತದೆ. ಶಾಸ್ತ್ರೀಯ ಹೆಸರು ಅಕ್ಕನಿಗೆ ಬಾಯಿಗೆ ಹತ್ತಿಲ್ಲ, ನನಗೂ ಹತ್ತಲಿಲ್ಲ. ಅವರು ಇವನ್ನು ಹೊಟ್ಟೆಗಿಡ ಎನ್ನುತ್ತಾರೆ.

ಪತ್ರಿಕೆಗೆ ಬರೆಯಲೆಂದು ನಾನು ಹೋದ ಈ ಬೆಳಿಗ್ಗೆ ಅಕ್ಕನ ಗಮನವೆಲ್ಲ ಆ ಕೋಣೆಯ ಮೇಲೆ. ಇವತ್ತು ಮಧ್ಯಾಹ್ನ ಹೊಟ್ಟೆಗಿಡಗಳ ಕೇಸಿನ ತೀರ್ಪು. ಅವು ಸರ್ಕಾರಕ್ಕೆ ಸೇರುತ್ತವೋ, ಅಥವಾ ಅವನ್ನು ಸಾಗಿಸುತ್ತಿದ್ದ ವ್ಯಾಪಾರಿಯ ಕೈಗೇ ವಾಪಸ್ಸು ಹೋಗುತ್ತವೋ ಇವತ್ತು ಗೊತ್ತಾಗಬೇಕು. ವಾಪಸ್ಸು ಹೋದರೆ ಅದಕ್ಕೆ ಕಾರಣ ತಾನೇ ಎಂಬ ಹೆದರಿಕೆ ಅಕ್ಕನ ಎದೆಯಲ್ಲಿ ಕೂತಿದೆ. ಅದು ಬರೀ ಭ್ರಮೆ ಎಂದು ಹೇಳಿ ಸಮಾಧಾನ ಮಾಡುವ ಹಾಗೂ ಇಲ್ಲ.

ಓದುಗರಿಗೆ ಇಲ್ಲೊಂದು ವ್ಯತ್ಯಾಸ ಗೊತ್ತಿರಬೇಕು. ನಾವೆಲ್ಲ ಜಪ್ತಿ, ಮುಟ್ಟುಗೋಲು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಅಕ್ಕ ನನ್ನನ್ನು ತಿದ್ದಿದರು. "ಜಪ್ತಿ ಅಂದ್ರೆ ಹಿಡ್ಕೊಂಡಿರೋದು. ಮುಟ್ಟುಗೋಲು ಅಂದ್ರೆ ಇಟ್ಕೊಳ್ಳೋದು. ಈಗ ಬರೀ ಹಿಡ್ಕೊಂಡಿದೀವಿ ಅಷ್ಟೇ." ಅಂದರೆ ಕೋರ್ಟು ಮುಟ್ಟುಗೋಲು ಎಂದು ಹೇಳುವ ತನಕ ಆ ಗಿಡಗಳ ಯಜಮಾನ ವ್ಯಾಪಾರಿಯೇ. ಅಕ್ಕ ಇಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದು, ಕಾನೂನಿನ ಪ್ರಕಾರ, ಅವನ ಆಸ್ತಿಯನ್ನು.

ಅದು ಅವರಿಗೆ ಒಮ್ಮೆ ಮುಖಕ್ಕೆ ಹೊಡೆದ ಹಾಗೆ ಅರ್ಥವಾಗಿದೆ. ತನ್ನ ಸ್ವತ್ತು ಹೇಗಿದೆ ಎಂದು ನೋಡಲು ವ್ಯಾಪಾರಿ ಕೋರ್ಟಿನಿಂದ ಅನುಮತಿ ತಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆದು ಮಾತು. ಅಡ್ಡಗೋಡೆಯ ಬಾಗಿಲಲ್ಲಿ ಬೂಟು ಬದಲಿಸಿ ಎಂದರೆ ತಕರಾರಿಲ್ಲದೆ ಬದಲಿಸಿದ. ಒಂದೊಂದೇ ಕುಂಡವನ್ನು ಬಗ್ಗಿ ನೋಡಿ, ಅಕ್ಕನ ಕಡೆ ತಿರುಗಿ ಕೈಮುಗಿದ. "ಎಷ್ಟು ಚೆನ್ನಾಗಿ ನೋಡ್ಕೊಂಡಿದೀರಮ್ಮ, ನಾನೂ ಇಷ್ಟು ಮಾಡ್ತಿರ್ಲಿಲ್ಲ, ಅಂದ. ನಂಗೆ ಮೈಯೆಲ್ಲಾ ಮುಳ್ಳು. ನಾನು ಚೆನ್ನಾಗಿ ನೋಡ್ಕೊಂಡಷ್ಟೂ ಅವನಿಗೇ ಲಾಭ ಅಲ್ವಾ? ಹಂಗಂತ ಸಾಯಿಸೋಕಾಗುತ್ತಾ?" ಅವತ್ತು ಸಂಜೆ ಮನೆಗೆ ಹೋದವರು ಊಟ ಬೇಡ ಎಂದು ಮಲಗಿದರಂತೆ. ಮರುದಿನ ಎಂದಿನ ಹಾಗೆ ಬಂದು ನೀರಿನ ಡಬ್ಬ ಎತ್ತಿಕೊಂಡರು.

ಅವರ ಹೆದರಿಕೆಯ ಮೂಲ ಇನ್ನೂ ಹಿಂದಿನದು, ವ್ಯಾನು ಸಿಕ್ಕ ದಿನದ್ದು. ಹೆದ್ದಾರಿಯ ತಪಾಸಣೆಯಲ್ಲಿ ಹಿಡಿದ ಆ ವ್ಯಾನಿನ ತುಂಬ ಅಡುಗೆ ಪಾತ್ರೆ ಎಂದು ಬರೆದ ಪೆಟ್ಟಿಗೆಗಳು. ಒಳಗೆ ಕಾಲುಚೀಲದಲ್ಲಿ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಹೊಟ್ಟೆಗಿಡಗಳು. ತನಿಖಾಧಿಕಾರಿ ಫೋಟೊ ತೆಗೆಸಿ, ಗಿಡಗಳನ್ನು ಶೆಡ್ಡಿಗೆ ಇಳಿಸಿ, ಖಾಲಿ ವ್ಯಾನಿಗೆ ಬೀಗಮುದ್ರೆ ಹಾಕಿಸಿ, "ಅಕ್ಕ, ಜೋಪಾನ. ನೋಡ್ಕೊಳ್ಳಿ," ಎಂದು ಹೇಳಿ ಊಟಕ್ಕೆ ಹೋದರು. ಅಕ್ಕ ಚೀಲ ಬಿಚ್ಚಿ ನೋಡುತ್ತಾರೆ, ಬೇರಿನಿಂದ ನೆತ್ತಿಯ ತನಕ ಮೆತ್ತಿಕೊಂಡ ಕಂದು ಮಣ್ಣು, ಕಸ, ಇರುವೆಗಳ ಗೂಡು. ಕೊಳೆ ಕಂಡರೆ ಆ ಕೈಗಳಿಗೆ ಗೊತ್ತಿದ್ದದ್ದು ಒಂದೇ. ದೊಡ್ಡ ಟಬ್ಬುಗಳಲ್ಲಿ ನೀರು ತುಂಬಿದರು, ಹಲ್ಲುಜ್ಜುವ ಮೆತ್ತನೆಯ ಬ್ರಷ್ಷು ತಂದರು, ಒಂದೊಂದು ಬೇರನ್ನೂ ಬಿಡಿಸಿ ಬಿಡಿಸಿ ಉಜ್ಜಿದರು. ನೆರಳಲ್ಲಿ ಆರಿಸಿ, ಹೊಸ ಮರಳು ತುಂಬಿದ ಹೊಸ ಕುಂಡಗಳಲ್ಲಿ ನೆಟ್ಟರು. ಸಂಜೆಯ ಹೊತ್ತಿಗೆ ಗಿಡಗಳು ಫಳಫಳ.

ಮಾರನೆಯ ದಿನ ತನಿಖಾಧಿಕಾರಿ ಬಂದದ್ದು ಬೇರಿನ ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸಲು. ಗಿಡಗಳು ಗುಡ್ಡದಿಂದ ಕಿತ್ತವು ಎಂದು ಸಾಬೀತು ಮಾಡಲು ಅವರ ಬಳಿ ಇದ್ದ ಗಟ್ಟಿ ಆಧಾರವೆಂದರೆ ಆ ಮಣ್ಣೊಂದೇ. ಬಾಗಿಲು ತೆರೆದು ನೋಡಿದವರು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. "ಸಾಹೇಬ್ರು ಖುಷಿಯಾಗಿದಾರೆ ಅಂದ್ಕೊಂಡೆ," ಎನ್ನುತ್ತಾರೆ ಅಕ್ಕ. ಹೇಳುವಾಗ ನಗಲು ನೋಡುತ್ತಾರೆ, ಆಗುವುದಿಲ್ಲ.

ತೊಳೆದ ನೀರು ಚರಂಡಿ ಸೇರಿಯಾಗಿತ್ತು. ಇತ್ತ ವ್ಯಾಪಾರಿಗೆ ಹಬ್ಬ. ಈ ಗಿಡಗಳನ್ನು ನನ್ನ ನರ್ಸರಿಯಲ್ಲಿ ಬೀಜ ಹಾಕಿ ಬೆಳೆಸಿದ್ದು, ಬೇಕಾದರೆ ರಸೀದಿ ನೋಡಿ, ಕಾಡಿನ ಮಣ್ಣು ಎಲ್ಲಿದೆ ತೋರಿಸಿ ಎಂದು ವಾದ ಹೂಡಿದ. ಫೋಟೊಗಳಲ್ಲಿ ಮಣ್ಣು ಕಾಣುತ್ತದೆ, ನಿಜ. ಆದರೆ ಫೋಟೊದಲ್ಲಿ ಎಲ್ಲ ಮಣ್ಣೂ ಮಣ್ಣೇ.

ಅಕ್ಕನನ್ನು ಸಾಕ್ಷಿಗೆ ಕರೆದಾಗ ಕಚೇರಿಯಲ್ಲಿ ಗುಸುಗುಸು ಶುರುವಾಯಿತು. ಹಿರಿಯ ಗುಮಾಸ್ತರೊಬ್ಬರು ಅವರನ್ನು ಪಕ್ಕಕ್ಕೆ ಕರೆದು, "ಏನು ಕೇಳಿದ್ರೂ ಗೊತ್ತಿಲ್ಲ ಅಂದ್ಬಿಡಿ ಅಕ್ಕ. ಬಿಚ್ಚುವಾಗ ಮಣ್ಣು ತಾನೇ ಉದುರ್ತು ಅಂತ ಹೇಳಿದ್ರೆ ಯಾರ್ ನೋಡಿದ್ರು?" ಎಂದು ಬುದ್ಧಿ ಹೇಳಿದರು. ಅಕ್ಕನ ಹಿತಕ್ಕೇ ಹೇಳಿದ್ದು. ದಿನಗೂಲಿ ಹೆಂಗಸು ಸಾಕ್ಷ್ಯ ತೊಳೆದಳೆಂದು ದಾಖಲಾದರೆ ಮೊದಲು ಹೋಗುವುದು ಅವಳ ಕೆಲಸ. ಅಕ್ಕ ತಲೆಯಾಡಿಸಿ ಬಂದರು.

ಆ ತಲೆಯಾಡಿಸುವಿಕೆಗೆ ಎಷ್ಟು ಬೆಲೆ ಎಂಬುದು ಅವರ ಅತ್ತಿಗೆಗೆ ಗೊತ್ತು. ಅಕ್ಕ, ಟೈಲರ್ ಆಗಿರುವ ಗಂಡ, ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಅದೇ ಮೆಟ್ಟಿಲಿನ ಎದುರು ಬಾಗಿಲಲ್ಲಿ ಗಂಡನ ಅಕ್ಕ. "ಇವಳಿಗೆ ಸುಳ್ಳು ಹೇಳೋಕೆ ಬರಲ್ಲ ರೀ," ಎಂದು ಅವರು ನನಗೆ ದೂರು ಹೇಳುವವರ ಹಾಗೆ ಹೇಳಿದರು. "ತಮ್ಮನಿಗೆ ಗೊತ್ತಾಗದ ಹಾಗೆ ಹೊಸ ಹೊಲಿಗೆ ಮಿಷಿನ್ ಕೊಡಿಸೋಣ ಅಂತ ನಾವಿಬ್ರೂ ಮಾತಾಡ್ಕೊಂಡ್ವಿ. ಅವನು ಸಂಜೆ ಬಂದು, ಏನ್ ಸಮಾಚಾರ ಅಂದ. ಅಷ್ಟೇ. ಮಿಷಿನ್ ಯಾವ ಕಂಪನಿ, ಯಾವ ಬಣ್ಣ, ಎಲ್ಲಿಂದ ತರ್ತೀವಿ, ಒಂದೂ ಬಿಡದೆ ಒದರಿಬಿಟ್ಲು." ಒಳಗೆ ಗುಂಡಿ ಹಾಕುತ್ತಿದ್ದ ಗಂಡ ತಲೆ ಎತ್ತದೆಯೇ, "ಆದ್ರೂ ಮಿಷಿನ್ ಬಂತಲ್ಲ," ಎಂದರು.

ಆ ಮಿಷಿನ್ನಿನಲ್ಲಿ ಅವರು ಹೊಟ್ಟೆಗಿಡಗಳಿಗೂ ಹೊಲಿದಿದ್ದಾರೆ. ಪರದೆ ಬಟ್ಟೆಯ ಉಳಿಕೆ ತುಂಡುಗಳನ್ನು ಕೂಡಿಸಿ ಮಾಡಿದ ನೆರಳಿನ ಹೊದಿಕೆಗಳು ಶೆಡ್ಡಿನ ಗಾಜಿನ ಮಾಡಿನ ಕೆಳಗೆ ತೂಗುತ್ತಿವೆ. ಆದರೆ ಅಕ್ಕನ ಮನೆಯಲ್ಲಿ ಒಂದು ಗಿಡವೂ ಇಲ್ಲ. ಕಿಟಕಿಯಲ್ಲಿ ಒಂದು ತುಣುಕು ಹಸಿರಾದರೂ ಬೇಡವೇ ಎಂದು ನಾನು ಕೇಳಿದೆ. "ಇಟ್ಟೆ ಅಂತ ಇಟ್ಕೊಳ್ಳಿ. ಶೆಡ್ಡಿಂದ ತಂದಿದ್ದಾ ಅಂತ ಬಂದೋರೆಲ್ಲಾ ಕೇಳ್ತಾರೆ. ಯಾಕೆ ಬೇಕು?"

ಕೋರ್ಟಿನಲ್ಲಿ ಆದದ್ದನ್ನು ನನಗೆ ತನಿಖಾಧಿಕಾರಿ ಹೇಳಿದರು, ಅಕ್ಕ ನಡುನಡುವೆ ತಿದ್ದಿದರು. ಪ್ರಮಾಣ ಮಾಡಿಸಿದ ಮೇಲೆ ವ್ಯಾಪಾರಿಯ ವಕೀಲರು, ಗಿಡಗಳು ಬಂದಾಗ ಹೇಗಿದ್ದವು ಎಂದು ಕೇಳಿದರು. "ಕೊಳೆಯಾಗಿದ್ವು. ನಾನೇ ತೊಳೆದೆ," ಎಂದರು ಅಕ್ಕ. ಗುಮಾಸ್ತರ ಬುದ್ಧಿವಾದ ಅಲ್ಲಿಗೆ ಮುಗಿಯಿತು. ಯಾರು ಹೇಳಿ ತೊಳೆಸಿದರು ಎಂದು ವಕೀಲರು ಮತ್ತೆ ಕೇಳಿದರು. "ಯಾರೂ ಹೇಳ್ಲಿಲ್ಲ. ಕೊಳೆ ಇದ್ರೆ ತೊಳೀಬೇಕಲ್ವಾ?" ಕೋರ್ಟಿನಲ್ಲಿ ಕೂತವರು ಗೊಳ್ಳೆಂದು ನಕ್ಕರು. ಸರ್ಕಾರಿ ವಕೀಲರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ತನಿಖಾಧಿಕಾರಿಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತಂತೆ.

ವ್ಯಾಪಾರಿಯ ವಕೀಲರು ಅಷ್ಟಕ್ಕೇ ಕೂತಿದ್ದರೆ ಗೆದ್ದು ಮನೆಗೆ ಹೋಗುತ್ತಿದ್ದರು. ಗೆಲ್ಲುವವರಿಗೆ ಇನ್ನೂ ಒಂದು ಹೊಡೆತ ಹೊಡೆಯುವ ಆಸೆ. ಈ ಇಲಾಖೆಯ ನಿರ್ಲಕ್ಷ್ಯ ಎಷ್ಟೆಂದರೆ, ನನ್ನ ಕಕ್ಷಿದಾರರ ವ್ಯಾನು ಬೀಗ ಹಾಕಿದಲ್ಲೇ ಕೊಳೆಯುತ್ತಿದೆ, ಹಿಡಿದ ದಿನದಿಂದ ಅದರ ಬಾಗಿಲನ್ನು ಸಹ ಯಾರೂ ತೆರೆದಿಲ್ಲ, ಟೈರಿನ ಗಾಳಿ ಇಳಿದು ನೆಲ ಕಚ್ಚಿದೆ, ಆದ್ದರಿಂದ ಅದನ್ನೂ ಬಿಡಿಸಿಕೊಡಬೇಕು ಎಂದು ದನಿ ಏರಿಸಿದರು. ನ್ಯಾಯಾಧೀಶೆ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಈಗ ಅಕ್ಕನ ಕಡೆ ತಿರುಗಿ, "ವ್ಯಾನನ್ನೂ ನೀವೇ ತೊಳೆದ್ರಾ?" ಎಂದು ಕೇಳಿದರು.

"ಇಲ್ಲ ಮೇಡಂ. ತೊಳೆಯೋಕೆ ಕೈ ತುರಿಸ್ತಿತ್ತು. ಒಳಗೆಲ್ಲಾ ಅದೇ ಮಣ್ಣು, ಗಾಜಲ್ಲಿ ಕಾಣ್ತಿತ್ತು. ಕೀ ಕೊಡಿ, ಒಂದ್ಸಲ ಗುಡಿಸಿ ಒರೆಸ್ತೀನಿ ಅಂತ ಸಾಹೇಬ್ರನ್ನ ಎಷ್ಟ್ ಸಲ ಕೇಳಿದೀನಿ. ಕೊಡ್ಲೇ ಇಲ್ಲ."

ಈ ಸಲ ಯಾರೂ ನಗಲಿಲ್ಲ. ಸರ್ಕಾರಿ ವಕೀಲರು ಕನ್ನಡಕ ಹಾಕಿಕೊಂಡು ಎದ್ದು ನಿಂತರು. ಅಷ್ಟು ಕಾಲ ಎಲ್ಲರ ಮೂಗಿನ ಕೆಳಗೇ ನಿಂತಿದ್ದ ವ್ಯಾನು ಯಾರ ತಲೆಗೂ ಹೊಳೆದಿರಲಿಲ್ಲ, ಯಾಕೆಂದರೆ ಜಪ್ತಿಯಾದ ಗಾಡಿಯ ಕಡೆ ಇಲಾಖೆಯಲ್ಲಿ ಯಾರೂ ತಿರುಗಿಯೂ ನೋಡುವುದಿಲ್ಲ. ಸೋಮಾರಿತನಕ್ಕೆ ಸರ್ಕಾರ ಪದಕ ಕೊಡುವುದಿದ್ದರೆ ಅವತ್ತು ಕೊಡಬೇಕಿತ್ತು. ಎರಡೂ ಕಡೆಯವರ ಎದುರಿನಲ್ಲಿ ಬೀಗಮುದ್ರೆ ಒಡೆದು, ನೆಲಹಾಸಿನ ಕೆಳಗಿನಿಂದ ಮಣ್ಣು ಗುಡಿಸಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲು ಆದೇಶವಾಯಿತು. ಯಾರೂ ತೆರೆದಿಲ್ಲ ಎಂದು ವ್ಯಾಪಾರಿಯ ಕಡೆಯವರೇ ಹೇಳಿ ಆಗಿದ್ದರಿಂದ, ಆಮೇಲೆ ಯಾರೋ ತಂದು ಸುರಿದ ಮಣ್ಣು ಎನ್ನಲು ಅವರಿಗೆ ದಾರಿ ಉಳಿಯಲಿಲ್ಲ. ತಾವೇ ತಮ್ಮ ಕಾಲ ಮೇಲೆ ಕಲ್ಲು ಎತ್ತಿ ಹಾಕಿಕೊಂಡಿದ್ದರು.

ಆ ಮಣ್ಣಿನ ವರದಿ ಬಂದಿದೆ, ವಾದವೂ ಮುಗಿದಿದೆ. ಮಣ್ಣು ಗುಡ್ಡದ್ದೇ ಎಂದು ವರದಿ ಹೇಳುತ್ತದೆಯಂತೆ. ಆದರೂ ವ್ಯಾನಿನ ಮಣ್ಣು ಗಿಡದ್ದೇ ಎನ್ನುವುದಕ್ಕೆ ಏನು ಗ್ಯಾರಂಟಿ ಎಂದು ಇನ್ನೊಂದು ಕಡೆಯವರು ಕೇಳಿದ್ದಾರೆ. ಅದು ಕೇಳಬೇಕಾದ ಪ್ರಶ್ನೆಯೇ. ಬೇರಿನ ಮೇಲೆಯೇ ಇದ್ದಿದ್ದರೆ ಈ ಪ್ರಶ್ನೆ ಏಳುತ್ತಿರಲಿಲ್ಲ ಎಂಬುದು ಅಕ್ಕನಿಗೂ ಗೊತ್ತು.

ಹಾಗಾಗಿ ಈ ಬೆಳಿಗ್ಗೆ ಅವರು ಮಾತಾಡುತ್ತಲೇ ಇದ್ದಾರೆ, ಕೈಯೂ ನಿಲ್ಲುವುದಿಲ್ಲ. ಆರ್ಕಿಡ್‌ಗಳಿಗೆ ತುಂತುರು ಹೊಡೆಯುತ್ತಾರೆ. ಕಳ್ಳಿಗಳ ಕುಂಡದಲ್ಲಿ ಬೆರಳು ಅದ್ದಿ ನೋಡಿ, ಒಣಗಿದ್ದರೆ ಮಾತ್ರ ಚಮಚದಲ್ಲಿ ನೀರು. ಬಿದ್ದ ಎಲೆಯನ್ನು ಎತ್ತಿ ಆಯಾ ಕುಂಡದ ನಂಬರಿನ ಚೀಲಕ್ಕೆ ಹಾಕುತ್ತಾರೆ. ಅಷ್ಟರಲ್ಲಿ ಬಿಸಿಲು ಗಾಜಿನ ಮೇಲೆ ಬರುತ್ತದೆ, ಗಂಡ ಹೊಲಿದ ಹೊದಿಕೆಗಳನ್ನು ಎಳೆದು ಕಟ್ಟುತ್ತಾರೆ. ಎಲ್ಲ ಮುಗಿದ ಮೇಲೆ ಬೂಟು ಬದಲಿಸಿ ಹೊಟ್ಟೆಗಿಡಗಳ ಕೋಣೆಗೆ ಹೋಗುತ್ತಾರೆ. ಅಲ್ಲಿ ಮಾಡುವುದಕ್ಕೆ ಹೆಚ್ಚೇನೂ ಇಲ್ಲ, ಇವು ನೀರು ಕೇಳುವುದೇ ಅಪರೂಪ. ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಾರೆ.

"ಇವು ಗುಡ್ಡದ ಮೇಲೆ ಹೆಂಗೆ ಕೂತಿರ್ತವೋ ನೋಡ್ಬೇಕು ಅಂತ ಆಸೆ," ಎನ್ನುತ್ತಾರೆ. "ಫೋಟೊ ತೋರಿಸ್ತಾರೆ. ಫೋಟೊದಲ್ಲಿ ಏನ್ ಗೊತ್ತಾಗುತ್ತೆ? ನಾನು ಎಲ್ಲಾ ಗಿಡಾನೂ ಕುಂಡದಲ್ಲೇ ನೋಡಿರೋದು. ಆಸ್ಪತ್ರೇಲಿ ಮಲಗಿರೋ ಜನಾನ ನೋಡ್ತಿದ್ನಲ್ಲ, ಹಂಗೆ. ಮನೇಲಿ ಅವರು ಹೆಂಗಿರ್ತಿದ್ರೋ ಏನೋ."

ಫೋನು ಬಂದದ್ದು ನಾವು ಗೋದಾಮಿನ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ. ಅಕ್ಕ ಎತ್ತಲಿಲ್ಲ. ನನ್ನ ಕಡೆ ತಳ್ಳಿದರು. ಆ ಕಡೆಯಿಂದ ತನಿಖಾಧಿಕಾರಿ ನಾನು ಯಾರೆಂದೂ ಕೇಳದೆ, "ಅಕ್ಕ, ಮುಟ್ಟುಗೋಲು! ಗಿಡವೂ, ವ್ಯಾನೂ, ಎರಡೂ ಸರ್ಕಾರಕ್ಕೆ!" ಎಂದು ಕೂಗಿದರು. ನಾನು ಅದನ್ನೇ ಹೇಳಿದೆ. ಅಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಪಕ್ಕದ ಮೇಜಿನವರು ಏನೋ ಕೆಟ್ಟ ಸುದ್ದಿ ಎಂದುಕೊಂಡು ನೀರು ತಂದುಕೊಟ್ಟರು. ಅಕ್ಕ ಆ ನೀರು ಕುಡಿದು, ಉಳಿದ ಊಟವನ್ನು ಒಂದಗುಳೂ ಬಿಡದೆ ಮುಗಿಸಿದರು. ವ್ಯಾಪಾರಿಗೆ ಶಿಕ್ಷೆಯೂ ಆಯಿತು ಎಂಬುದು ಆಮೇಲೆ ಗೊತ್ತಾಯಿತು. ಅಕ್ಕನ ಬಗ್ಗೆ ತೀರ್ಪಿನಲ್ಲಿ ಒಂದು ಸಾಲಿದೆಯಂತೆ: ಈ ಸಾಕ್ಷಿ ತನಗೆ ತೊಂದರೆಯಾಗುವ ಸಂಗತಿಯನ್ನೂ ಮುಚ್ಚಿಟ್ಟಿಲ್ಲ, ಆದ್ದರಿಂದ ವ್ಯಾನಿನ ಮಣ್ಣಿನ ಕುರಿತ ಆಕೆಯ ಮಾತನ್ನು ನಂಬಬಹುದು ಎಂದು. ಕೆಲಸ ಉಳಿಯಿತು. ದಿನಗೂಲಿ ಮಾತ್ರ ದಿನಗೂಲಿಯಾಗಿಯೇ ಇದೆ.

ಮೇಲ್ಮನವಿಯ ಅವಧಿ ಮುಗಿದ ಮೇಲೆ ಮತ್ತೆ ಶೆಡ್ಡಿಗೆ ಹೋಗುತ್ತೇನೆ. ಇವತ್ತು ಹೊಟ್ಟೆಗಿಡಗಳು ಹೊರಡುವ ದಿನ. ಎಲ್ಲ ಜಪ್ತಿ ಗಿಡಗಳಿಗೂ ಈ ಭಾಗ್ಯವಿಲ್ಲ. ಎಲ್ಲಿಂದ ಬಂದವು ಎಂದೇ ತಿಳಿಯದವು, ರೋಗ ಹತ್ತಿದವು ಸಸ್ಯೋದ್ಯಾನಕ್ಕೆ ಹೋಗುತ್ತವೆ, ಇಲ್ಲವೇ ಸುಡುವ ಗುಂಡಿಗೆ. ಇವು ಬೇರೆ ಕೋಣೆಯಲ್ಲೇ ಇದ್ದವು, ಆರೋಗ್ಯವಾಗಿವೆ. ಆದ್ದರಿಂದ ಗುಡ್ಡಕ್ಕೆ ವಾಪಸ್ಸು ಒಯ್ಯಬಹುದು ಎಂದು ಸಸ್ಯವಿಜ್ಞಾನಿ ಸಹಿ ಹಾಕಿದ್ದಾರೆ. ಅಕ್ಕ ಒಂದೊಂದು ಕುಂಡದ ತಂತಿಯನ್ನು ಕತ್ತರಿಸಿ, ತಗಡಿನ ಬಿಲ್ಲೆಯನ್ನು ಡಬ್ಬಿಗೆ ಹಾಕುತ್ತಿದ್ದಾರೆ. ಗಿಡಗಳನ್ನು ಮರಳಿನಿಂದ ಬಿಡಿಸಿ, ಒಣ ಬಟ್ಟೆಯಲ್ಲಿ ಸುತ್ತಿ, ತಟ್ಟೆಗಳಲ್ಲಿ ಜೋಡಿಸುತ್ತಾರೆ. ಈ ಸಲ ನೀರಿನ ಸುದ್ದಿಯೇ ಇಲ್ಲ.

ಯಾವ ಗುಡ್ಡ ಎಂಬುದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ತೀರ್ಪಿನಲ್ಲೂ ಆ ಜಾಗದ ಹೆಸರು ಇಲ್ಲ. ಒಮ್ಮೆ ಸುಳಿವು ಹೊರಬಿದ್ದರೆ ಇನ್ನೊಂದು ವ್ಯಾನು ಅಲ್ಲಿಗೆ ಹೊರಡುತ್ತದೆ. ಗಾಡಿಯ ಚಾಲಕನಿಗೂ ದಾರಿ ಹೇಳುವುದು ಊರು ದಾಟಿದ ಮೇಲಂತೆ.

ತಟ್ಟೆಗಳೆಲ್ಲ ಗಾಡಿ ಏರಿದ ಮೇಲೆ ತನಿಖಾಧಿಕಾರಿ ಅಕ್ಕನ ಬಳಿ ಬರುತ್ತಾರೆ. ಅತ್ತಿತ್ತ ನೋಡಿ ದನಿ ತಗ್ಗಿಸುತ್ತಾರೆ. "ಅಕ್ಕ, ಮುಂದೆ ಒಂದು ಸೀಟು ಖಾಲಿ ಇದೆ. ದೊಡ್ಡ ಸಾಹೇಬ್ರಿಗೆ ನಾನು ಹೇಳ್ತೀನಿ. ನೀವೇ ಕೈಯಾರೆ ನೆಟ್ಟು ಬರೋರಂತೆ, ಬನ್ನಿ."

ಅಕ್ಕ ಗಾಡಿಯ ಕಡೆ ನೋಡುತ್ತಾರೆ. ಏಪ್ರನ್ನಿನ ದಾರಕ್ಕೆ ಕೈ ಹೋಗುತ್ತದೆ, ಗಂಟನ್ನು ಬಿಚ್ಚುತ್ತಾರೆ ಕೂಡ. ನನಗೆ ಒಳಗೊಳಗೇ ಸಂತೋಷವಾಗುತ್ತದೆ, ಬರಹಕ್ಕೂ ಇದಕ್ಕಿಂತ ಒಳ್ಳೆಯ ಮುಕ್ತಾಯ ಎಲ್ಲಿ ಸಿಗಬೇಕು? ಅಕ್ಕ ಮತ್ತೆ ಗಂಟು ಹಾಕಿಕೊಳ್ಳುತ್ತಾರೆ.

"ಬೇಡ ಸಾಹೇಬ್ರೆ. ಆ ವ್ಯಾಪಾರಿ ಜೈಲಿಂದ ಹೊರಗೆ ಬಂದೇ ಬರ್ತಾನೆ. ನಗ್ತಾ ನಗ್ತಾ ಕೈಮುಗಿದು, ಎಲ್ಲಿ ಬಿಟ್ರಿ ಅಕ್ಕ ಅಂತ ಕೇಳ್ತಾನೆ. ನನ್ನ ಬಾಯಿ ನಿಮಗೆ ಗೊತ್ತಲ್ಲ."

ತನಿಖಾಧಿಕಾರಿ ಮುಂದಿನ ಸೀಟಿನ ಬಾಗಿಲು ಮುಚ್ಚುತ್ತಾರೆ. ಅಕ್ಕ ಕೊನೆಯದಾಗಿ ಗಾಡಿಯ ಹಿಂಬಾಗಿಲಿನಲ್ಲಿ ಕೈ ಹಾಕಿ ಬಟ್ಟೆಯ ಅಂಚೊಂದನ್ನು ಸರಿಮಾಡುತ್ತಾರೆ. "ಮೊದಲ ವಾರ ಮಧ್ಯಾಹ್ನದ ಬಿಸಿಲಿಗೆ ಒಂದೊಂದು ಕಲ್ಲು ಅಡ್ಡ ಇಡಿ. ಇಲ್ಲಿ ನೆರಳಲ್ಲಿದ್ದು ಮೆತ್ತಗಾಗಿದಾವೆ," ಎಂದು ಹೇಳಿ, ಇಂಜಿನ್ ಶುರುವಾಗುವ ಮೊದಲೇ ತಿರುಗಿ ಶೆಡ್ಡಿನೊಳಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ. ಗಾಡಿ ಗೇಟು ದಾಟಿ ರಸ್ತೆಗೆ ತಿರುಗುವುದನ್ನು ನೋಡುತ್ತ ನಿಂತದ್ದು ನಾನೊಬ್ಬನೇ.

ಒಳಗೆ ಹೋದರೆ ಅಕ್ಕ ಖಾಲಿ ಕೋಣೆಯ ನೆಲಕ್ಕೆ ನೀರು ಸುರಿದು ತೊಳೆಯುತ್ತಿದ್ದಾರೆ, ನಲ್ಲಿ ಜೋರಾಗಿ ಬಿಟ್ಟಿದ್ದಾರೆ. ಕಣ್ಣು ಕೆಂಪಾಗಿದೆ, ಮುಖ ಮಾತ್ರ ಶಾಂತವಾಗಿದೆ. ಗಾಡಿ ಹೋಯಿತಾ ಎಂದು ಕೇಳುತ್ತಾರೆ. ಹೋಯಿತು ಎನ್ನುತ್ತೇನೆ.

"ಎಡಕ್ಕೆ ತಿರುಗಿತೋ ಬಲಕ್ಕೋ ನೀವು ನೋಡಿರ್ತೀರ. ಹೇಳ್ಬೇಡಿ. ಪೇಪರ್‌ನಲ್ಲೂ ಬರೀಬೇಡಿ." ಪೊರಕೆಯಿಂದ ನೀರನ್ನು ಬಾಗಿಲ ಕಡೆ ತಳ್ಳುತ್ತ ಅಕ್ಕ ತಲೆ ಎತ್ತುತ್ತಾರೆ. "ಈಗ ಯಾವ ಕೋರ್ಟಿಗೆ ಬೇಕಾದ್ರೂ ಕರೀಲಿ, ಬರ್ತೀನಿ. ಗೊತ್ತಿಲ್ಲ ಅಂತ ಪ್ರಮಾಣ ಮಾಡಿ ಹೇಳ್ತೀನಿ. ಅದು ಸತ್ಯಾನೇ ಆಗಿರುತ್ತೆ."